ಗೂಗಲ್‌ನಿಂದ ಒಂದು ಮಾರಾಟದ ಕಾಗದ

ಫೋನಿನಲ್ಲಿ ‘ಗೂಗಲ್’ ಎಂದು ಹುಡುಕಿದರೆ ಕಂಪನಿ ಬರುತ್ತದೆ, ಊರು ಬರುವುದಿಲ್ಲ. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗಿರುವ, ಅಲ್ಲಮಪ್ರಭುವಿನ ಗುಡಿ ಇರುವ ಗೂಗಲ್ ನಮ್ಮ ಚಿಗವ್ವನ ಊರು. ಕಂಪನಿ ಹುಟ್ಟಿದ್ದು 1998ರಲ್ಲಿ. ಆ ಕಂಪನಿ ಬದುಕಿರುವುದೇ ಜಾಹೀರಾತಿನ ಮೇಲೆ. ಊರಿನ ಚಿಗವ್ವನಿಗೆ ಮಾತ್ರ ಮೊನ್ನೆ ಮೊನ್ನೆಯವರೆಗೆ ಒಂದು ಸಾಲಿನ ಜಾಹೀರಾತು ಬರೆದೂ ಗೊತ್ತಿರಲಿಲ್ಲ.

ಆಕೆ ಮತ್ತು ಸಂಘದ ನಾಲ್ಕು ಮಂದಿ ಹೆಣ್ಣುಮಕ್ಕಳು ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮಾಡುತ್ತಾರೆ. ಪೇಟೆಯ ಒಬ್ಬ ವ್ಯಾಪಾರಿ ಬಂದು ಒಯ್ಯುತ್ತಾನೆ. ಅವನು ಹೇಳಿದ್ದೇ ರೇಟು. ಸಂಘದ ಸಾಲದ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಸುಟ್ಟ ಬೆರಳು ಮಾತ್ರ. ನಮ್ಮ ಭಾಗದಿಂದ ಬೆಂಗಳೂರಿಗೆ ಹೋಗಿ ಕೂತವರು ಬೇಕಾದಷ್ಟು ಮಂದಿ ಇದ್ದಾರೆ, ಅವರಿಗೇ ನೇರ ಬರೆದರೆ ಹೇಗೆ ಅಂತ ಚಿಗವ್ವನ ತಲೆಗೆ ಬಂತು. ಬರೆದು ನನಗೆ ತೋರಿಸಿದಳು:

“ಸುವರ್ಣಾವಕಾಶ! ಅತ್ಯುತ್ತಮ ಗುಣಮಟ್ಟದ, ನಂಬರ್ ಒನ್ ರೊಟ್ಟಿಗಳು! ಇಂದೇ ಖರೀದಿಸಿರಿ! ಸ್ಟಾಕ್ ಮುಗಿಯುವ ಮುನ್ನ ತ್ವರೆ ಮಾಡಿರಿ!”

“ಚಿಗವ್ವ, ಇದು ನಿನ್ನ ಮಾತಲ್ಲ” ಅಂದೆ.

“ನನ್ನ ಮಾತು ಯಾರ್ ಓದ್ತಾರೋ ತಮ್ಮ? ಹಿಂಗ ಬರೀಬೇಕು. ಬೀಜದವ್ರು ಹಿಂಗ ಬರದಿದ್ರು” ಅಂದಳು.

ಬೀಜದವರು ಅಂದರೆ ಹತ್ತಿ ಬೀಜದ ಕರಪತ್ರದವರು. ಕೆಲ ವರ್ಷದ ಹಿಂದೆ ಇಂಥದೇ ಮಾತಿನ ಬಣ್ಣದ ಹಾಳೆ ನಂಬಿ ಆಕೆಯ ಗಂಡ ಬೀಜ ತಂದಿದ್ದ. ಗಿಡ ಆಳೆತ್ತರ ಬಂತು, ಕಾಯಿ ಹಿಡಿಯಲಿಲ್ಲ. ಆ ಹಾಳೆ ಇನ್ನೂ ಅವರ ಮನೆಯ ಗೂಡಿನಲ್ಲಿದೆ. ಮೋಸ ಮಾಡಿದ ಹಾಳೆಯೇ ಆಕೆಗೆ ಬರವಣಿಗೆಯ ಪಾಠಪುಸ್ತಕವಾಗಿತ್ತು.

ನನಗೆ ಅವತ್ತು ನಿದ್ದೆ ಬರಲಿಲ್ಲ ಅಂದರೆ ಜಾಸ್ತಿಯಾದೀತು. ಆದರೆ ಒಂದು ಪ್ರಶ್ನೆ ಕೂತಿತು. ನಮ್ಮ ಭಾಗದಲ್ಲಿ ಇನ್ನೊಬ್ಬರ ಮನಸ್ಸು ಒಲಿಸುವ ಕಾಗದವನ್ನು ಮೊದಲು ಬರೆದವರು ಯಾರು? ಹೇಗೆ ಬರೆದರು? ಹುಡುಕುತ್ತಾ ಹೋದರೆ ದಾರಿ ಪೇಟೆಗೆ ಹೋಗಲಿಲ್ಲ. ನಮ್ಮದೇ ಜಿಲ್ಲೆಯ ಮಸ್ಕಿಗೆ ಹೋಯಿತು.

*

ಮಸ್ಕಿಯ ಅಶೋಕನ ಶಾಸನ ಶಾಲೆಯಲ್ಲಿ ಓದಿದ್ದೀರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ಈ ಬಂಡೆಯಿಂದ, ಇದರಲ್ಲಿ ಅವನ ಹೆಸರೇ ಇದೆ. ಪರೀಕ್ಷೆಗೆ ಅಷ್ಟು ಸಾಕು. ಬಂಡೆಯಲ್ಲಿ ಬರೆದಿದ್ದೇನು ಅಂತ ನಮಗೆ ಯಾರೂ ಹೇಳಲಿಲ್ಲ.

ಅದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅದು ಶುದ್ಧ ಕಾಗದದ ರೂಪದಲ್ಲಿದೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಬರೆದದ್ದು. ಮೊದಲು ಎಲ್ಲಿಂದ, ಯಾರಿಂದ, ಯಾರಿಗೆ. ಆಮೇಲೆ ಅವರ ಆರೋಗ್ಯ ವಿಚಾರಿಸುತ್ತದೆ. ಪ್ರಾಕೃತದಲ್ಲಿಯೂ ಆ ಶಬ್ದ ಹೆಚ್ಚುಕಡಿಮೆ ನಮ್ಮ ‘ಆರೋಗ್ಯ’ವೇ. ನಮ್ಮ ಅಜ್ಜಂದಿರು ‘ಇತ್ತ ಕಡೆ ನಾವೆಲ್ಲ ಕ್ಷೇಮ’ ಎಂದು ಬರೆದ ಮೇಲೇ ಮಗಳ ಮದುವೆಯ ವಿಷಯಕ್ಕೆ ಇಳಿಯುತ್ತಿದ್ದರಲ್ಲ, ಆ ರೂಢಿಗೆ 2200 ವರ್ಷಕ್ಕೂ ಹೆಚ್ಚು ವಯಸ್ಸು. ಕಾಗದದ ಕೊನೆಗೆ ಬರೆದ ಲಿಪಿಕಾರನ ಹೆಸರೂ ಇದೆ: ಚಪಡ.

ಈಗ ಒಳಗಿನ ಮಾತು ನೋಡಿ. ಸಾಮ್ರಾಟ ತನ್ನ ದೊಡ್ಡಸ್ತಿಕೆ ಹೇಳುವುದಿಲ್ಲ. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ಅಷ್ಟೇನೂ ಶ್ರದ್ಧೆ ಇರಲಿಲ್ಲ ಎಂದು ತನ್ನ ಕಡಿಮೆಯನ್ನು ಮೊದಲು ಒಪ್ಪಿಕೊಳ್ಳುತ್ತಾನೆ. ಸಂಘದ ಬಳಿ ಹೋದ ಮೇಲೆ ಒಂದು ವರ್ಷದಿಂದ ಶ್ರದ್ಧೆಯಿಂದ ನಡೆದೆ, ಹೀಗೆ ಹೀಗೆ ಫಲ ಬಂತು ಎನ್ನುತ್ತಾನೆ. ಆಮೇಲೆ ಬರುವುದು ಇಡೀ ಕಾಗದದ ಜೀವ: ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆಯಬಹುದು. ಓದುವವನ ಮನಸ್ಸಿನಲ್ಲಿ ಏಳುವ ಅನುಮಾನ ಅದೇ ತಾನೇ? ‘ಅರಸರಿಗೆ ಆಗ್ತದ, ನಮ್ಮಂಥವರಿಗೆ ಎಲ್ಲಿ?’ ಆ ಅನುಮಾನ ಬಾಯಿಗೆ ಬರುವ ಮೊದಲೇ ಉತ್ತರ ಸಿದ್ಧ.

ಅಶೋಕ ರೊಟ್ಟಿ ಮಾರುತ್ತಿರಲಿಲ್ಲ, ಒಪ್ಪಿದೆ. ಅವನ ಕೈಯಲ್ಲಿ ದಂಡವೂ ಇತ್ತು. ಆದರೂ ಈ ಬಂಡೆಯಲ್ಲಿ ಅಪ್ಪಣೆಗಿಂತ ಒಲಿಸುವಿಕೆ ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಮನ ಒಲಿಸುವ ಕಾಗದ ಬರೆಯಲು ಕಲಿಯುವವರಿಗೆ ಇದೇ ಮೊದಲ ಪಾಠ. ನಮ್ಮ ಜಿಲ್ಲೆಯಲ್ಲೇ ಬಿದ್ದಿದೆ, ನಾವು ಇಸವಿ ಕಂಠಪಾಠ ಮಾಡಿ ಬಿಟ್ಟೆವು.

ಇದಕ್ಕೆ ತದ್ವಿರುದ್ಧದ ದಾರಿಯೂ ನಮ್ಮಲ್ಲಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಯ್ಯಾವೊಳೆ ಐನೂರ್ವರು ಎಂಬ ದೊಡ್ಡ ವರ್ತಕರ ಸಂಘ ಇತ್ತು. ಅಯ್ಯಾವೊಳೆ ಅಂದರೆ ಇವತ್ತಿನ ಐಹೊಳೆ. ಅವರ ಶಾಸನಗಳಲ್ಲಿ ಮೊದಲು ಬರುವುದು ತಮ್ಮದೇ ಹೊಗಳಿಕೆ. ನಾವು ನೆಲದ ದಾರಿ ನೀರಿನ ದಾರಿ ಎರಡರಲ್ಲೂ ದೇಶದೇಶ ತಿರುಗುವವರು, ಆನೆ, ಕುದುರೆ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ ಮಾರುವವರು, ನಮ್ಮಂಥ ಶೂರರಿಲ್ಲ, ಧರ್ಮಿಷ್ಠರಿಲ್ಲ. ಓದಲು ಸೊಗಸು. ಆದರೆ ಅವರಿಗೆ ಹೊಗಳಿಕೊಳ್ಳುವ ಅನುಕೂಲ ಇತ್ತು, ಏಕೆಂದರೆ ಅವರ ಹೆಸರು ಆಗಲೇ ಎಲ್ಲರಿಗೂ ಗೊತ್ತಿತ್ತು. ಹೆಸರಿಲ್ಲದವನು ಅದೇ ಧಾಟಿ ಹಿಡಿದರೆ ಬೀಜದ ಕರಪತ್ರವಾಗುತ್ತದೆ.

*

ಬಂಡೆಗೆ, ಕಲ್ಲಿಗೆ ಕೆತ್ತಿಸುವುದು ದೊಡ್ಡವರ ಕೆಲಸ. ಸಾಮಾನ್ಯ ಮನುಷ್ಯ ಗುರುತಿಲ್ಲದವನಿಗೆ ‘ಇದನ್ನು ಕೊಳ್ಳಿ’ ಎಂದು ಬರೆಯಲು ಎರಡು ಬೇಕಿತ್ತು: ಅಗ್ಗದ ಅಚ್ಚು, ಅಗ್ಗದ ಅಂಚೆ. ಎರಡೂ ನಮ್ಮ ನಾಡಿಗೆ ಬಂದದ್ದು 1840ರಿಂದ 1880ರ ನಡುವೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚು, ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಪತ್ರಿಕೆ ಎಂದರೇನು ಅಂತ ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಅದನ್ನು ಮಾರಬೇಕಿತ್ತು. ಇದಕ್ಕಿಂತ ಕಷ್ಟದ ವ್ಯಾಪಾರ ಇನ್ನೊಂದಿಲ್ಲ. ಅವನು ಮೊದಲ ಸಂಚಿಕೆಯಲ್ಲಿ ಹೂಡಿದ ಮಾತು ನನಗೆ ಇಷ್ಟ. ಹೊರಗಿನ ಸುದ್ದಿ ತಿಳಿಯದ ಜನ ಕಿಟಕಿ ಇಲ್ಲದ ಮನೆಯಲ್ಲಿ ಕೂತವರ ಹಾಗೆ, ಅದಕ್ಕೆ ಒಂದೆರಡು ಕಿಟಕಿ ತೆರೆಯಲು ಈ ಕಾಗದ ಎಂಬ ಅರ್ಥದಲ್ಲಿ ಬರೆದ. ಅಚ್ಚಿನ ಬಗ್ಗೆ ಕೊಚ್ಚಿಕೊಳ್ಳುವ ಬದಲು ಓದುವವನ ಮನೆಯ ಗೋಡೆ ತೋರಿಸಿದ. ಮರುವರ್ಷ ಪತ್ರಿಕೆ ನಮ್ಮ ಪಕ್ಕದ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು, ಅಲ್ಲಿ ಅಚ್ಚಿನ ಮೊಳೆಗಳಿದ್ದವು.

ಇನ್ನು ಅಂಚೆ. 1854ರಲ್ಲಿ ಬ್ರಿಟಿಷ್ ಆಡಳಿತದ ನಾಡಿನಲ್ಲಿ ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ ಎಂದಾಯಿತು, ದೂರ ಎಷ್ಟೇ ಇರಲಿ. 1877ರಲ್ಲಿ ವಿ.ಪಿ.ಪಿ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು. 1880ರಲ್ಲಿ ಮನಿಯಾರ್ಡರು. ನಮ್ಮ ರಾಯಚೂರು ಆಗ ನಿಜಾಮರ ಸಂಸ್ಥಾನ. ಅಲ್ಲಿ ಸಂಸ್ಥಾನದ್ದೇ ಅಂಚೆ, 1869ರಿಂದ ಸಂಸ್ಥಾನದ್ದೇ ಸ್ಟಾಂಪು. ಆದರೆ 1871ಕ್ಕೆ ಮುಂಬಯಿ ಕಡೆಯ ರೈಲು ಮತ್ತು ಮದ್ರಾಸ್ ಕಡೆಯ ರೈಲು ಎರಡೂ ರಾಯಚೂರಿನಲ್ಲೇ ಬಂದು ಕೂಡಿದವು. ಎರಡು ದೊಡ್ಡ ಪೇಟೆಗಳ ನಡುವಿನ ಗಂಟು ನಮ್ಮೂರಾಯಿತು. ಹತ್ತಿ ಹೋಯಿತು. ಬಂದದ್ದರಲ್ಲಿ ಕಾಗದಗಳೂ ಇದ್ದವು.

ಒಂದು ವಿಷಯ ಮರೆಯಬಾರದು. ನಮ್ಮ ಹಳ್ಳಿಗಳಲ್ಲಿ ಕಾಗದವನ್ನು ಓದುತ್ತಿದ್ದವರು ಕಡಿಮೆ, ಕೇಳುತ್ತಿದ್ದವರು ಹೆಚ್ಚು. ಸಂಸ್ಥಾನದ ಕಚೇರಿ ಭಾಷೆ ಉರ್ದು, ಕನ್ನಡ ಕಲಿಸುವ ಶಾಲೆಗಳು ಬೆರಳೆಣಿಕೆ. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60 ದಾಟಲಿಲ್ಲ. ಟಪಾಲಿನವನೋ ಮಾಸ್ತರನೋ ಕಟ್ಟೆಗೆ ಕೂತು ಓದಬೇಕು, ಸುತ್ತ ನಾಲ್ಕು ಮಂದಿ ಕೇಳಬೇಕು. ನಡುವೆ ಒಬ್ಬ ‘ಅದೇನಂದಿ, ಮತ್ತೊಮ್ಮೆ ಓದು’ ಅನ್ನುತ್ತಾನೆ. ಕಿವಿಗೆ ಹತ್ತದ ವಾಕ್ಯ ಅಲ್ಲೇ ಸಾಯುತ್ತದೆ. ಮಾರಾಟದ ಕಾಗದ ಬರೆಯುವವರು ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು ಅನ್ನುವುದು ಇವತ್ತಿನ ಪಾಠವಾಗಿರಬಹುದು. ನಮ್ಮ ಕಟ್ಟೆಗಳಲ್ಲಿ ಅದು ಹಾಗೇ ನಡೆಯುತ್ತಿತ್ತು.

*

ವಿ.ಪಿ.ಪಿ. ಬಗ್ಗೆ ಸ್ವಲ್ಪ ನಿಲ್ಲೋಣ. ಮಾರಾಟದ ಕಾಗದದ ಚರಿತ್ರೆಯಲ್ಲಿ ಅಕ್ಷರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ.

ಗುರುತಿಲ್ಲದವನಿಗೆ ಮೊದಲೇ ದುಡ್ಡು ಕಳಿಸಲು ಯಾರಿಗೆ ಧೈರ್ಯ? ಗುರುತಿಲ್ಲದವನಿಗೆ ಮೊದಲೇ ಮಾಲು ಕಳಿಸಲು ಯಾರಿಗೆ ಧೈರ್ಯ? ನಡುವೆ ಅಂಚೆಯವನು ನಿಂತ. ಮಾರುವವನು ಪಾರ್ಸೆಲ್ ಕಳಿಸುತ್ತಾನೆ, ಕೊಳ್ಳುವವನು ಮನೆಬಾಗಿಲಲ್ಲಿ ಟಪಾಲಿನವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾನೆ, ಅಂಚೆ ಕಚೇರಿ ಆ ದುಡ್ಡನ್ನು ಮಾರಿದವನಿಗೆ ಮುಟ್ಟಿಸುತ್ತದೆ. ಬೇಡ ಅಂದರೆ ಪಾರ್ಸೆಲ್ ವಾಪಸು, ಹೋಗಿಬಂದ ಖರ್ಚು ಮಾರಿದವನ ತಲೆಗೆ. ಹಳೆಯ ಪಂಚಾಂಗ, ಪತ್ರಿಕೆಗಳ ಹಿಂದಿನ ಪುಟ ತೆಗೆದು ನೋಡಿ: ಚೂರ್ಣ, ಲೇಹ್ಯ, ಗಡಿಯಾರ, ಕಾದಂಬರಿ, ಎಲ್ಲದರ ಕೆಳಗೂ ‘ವಿ.ಪಿ. ಮೂಲಕ ಕಳಿಸಲಾಗುವುದು’. ಮೇಲಿನ ಹತ್ತು ಸಾಲಿನ ಹೊಗಳಿಕೆಗಿಂತ ಆ ಒಂದು ಸಾಲಿಗೆ ತೂಕ ಜಾಸ್ತಿ.

ದೂರದ ಅಮೆರಿಕದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇದೇ ಗಂಟು ಬಿಚ್ಚುತ್ತಿತ್ತು. ಆರನ್ ಮಾಂಟ್‌ಗಮರಿ ವಾರ್ಡ್ ಎಂಬಾತ ಹಳ್ಳಿಹಳ್ಳಿ ಸುತ್ತಿ ಮಾಲು ಮಾರಿದವ. ಊರಿನ ಒಂದೇ ಅಂಗಡಿಯವನು ಹೇಳಿದ ಬೆಲೆಗೆ ರೈತರು ಕೊಳ್ಳುವುದನ್ನು ಕಣ್ಣಾರೆ ಕಂಡಿದ್ದ. 1872ರಲ್ಲಿ ಶಿಕಾಗೋದಿಂದ ರೈತರಿಗೆ ಒಂದೇ ಹಾಳೆಯ ಬೆಲೆಪಟ್ಟಿ ಕಳಿಸಿದ. ಹೆಚ್ಚು ಮಾತಿಲ್ಲ, ವಸ್ತು ಮತ್ತು ಬೆಲೆ. ಮೂರು ವರ್ಷಕ್ಕೆ ಇನ್ನೊಂದು ಮಾತು ಸೇರಿಸಿದ: ಹಿಡಿಸದಿದ್ದರೆ ದುಡ್ಡು ವಾಪಸು. ಆ ಹಾಳೆ ಬೆಳೆದು ಬೆಳೆದು ದಪ್ಪ ಪುಸ್ತಕವಾಯಿತು. ಚಿಗವ್ವನ ವ್ಯಾಪಾರಿಯ ಕಥೆಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಹಾಳೆ ಒಂದನ್ನು ಬಿಟ್ಟು.

ಆದರೆ ನಮ್ಮ ವಿ.ಪಿ.ಪಿ.ಯಲ್ಲಿ ಒಂದು ತೂತು ಇತ್ತು. ದುಡ್ಡು ಕೊಟ್ಟ ಮೇಲೇ ಗಂಟು ಬಿಚ್ಚಬೇಕು. ನಮ್ಮ ಸೋದರಮಾವ ಹರೆಯದಲ್ಲಿ ಪತ್ರಿಕೆಯ ಒಂದು ಜಾಹೀರಾತು ನೋಡಿ ಅಂಕಿಯ ಒಗಟು ಬಿಡಿಸಿ ಕಳಿಸಿದ. ‘ಅಭಿನಂದನೆ, ನೀವು ಗೆದ್ದಿದ್ದೀರಿ, ಟ್ರಾನ್ಸಿಸ್ಟರನ್ನು ಕಡಿಮೆ ಬೆಲೆಗೆ ವಿ.ಪಿ.ಯಲ್ಲಿ ಕಳಿಸುತ್ತೇವೆ’ ಎಂದು ಕಾಗದ ಬಂತು. ಓಣಿಯೆಲ್ಲ ಸುದ್ದಿ. ಪೆಟ್ಟಿಗೆ ಬಂತು, ಕುರಿ ಮಾರಿದ ದುಡ್ಡು ಹೋಯಿತು. ಬಿಚ್ಚಿದರೆ ಆಟಿಗೆ ಸಾಮಾನು. ಸೆಲ್ ಹಾಕಿದರೂ ಗುಂಯ್ ಅನ್ನಲಿಲ್ಲ. ಮಾವ ಇವತ್ತಿಗೂ ‘ಅಭಿನಂದನೆ’ ಅನ್ನುವ ಶಬ್ದ ಕೇಳಿದರೆ ಎದ್ದು ಹೋಗುತ್ತಾನೆ.

ಭಯ ತೋರಿಸಿ ಒಪ್ಪಿಸುವ ಕಾಗದಗಳೂ ಬಂದವು. ‘ಇದನ್ನು ಇಷ್ಟು ಮಂದಿಗೆ ಬರೆದು ಹಾಕದಿದ್ದರೆ ಮನೆಗೆ ಕೇಡು’ ಎಂಬ ಪೋಸ್ಟ್ ಕಾರ್ಡು ನೋಡದ ಮನೆ ಇರಲಿಕ್ಕಿಲ್ಲ. ಈಗ ಅದೇ ಕಾರ್ಡು ವಾಟ್ಸಾಪಿನಲ್ಲಿ ಬರುತ್ತದೆ. ಔಷಧದ ಸುಳ್ಳು ಎಲ್ಲಿಗೆ ಮುಟ್ಟಿತ್ತೆಂದರೆ ಪವಾಡದ ಹಾಗೆ ರೋಗ ವಾಸಿ ಎನ್ನುವ ಜಾಹೀರಾತು ತಡೆಯಲೆಂದೇ 1954ರಲ್ಲಿ ಸಂಸತ್ತು ಕಾಯ್ದೆ ಮಾಡಬೇಕಾಯಿತು.

ಹೀಗೆ ನೋಡುತ್ತಾ ಹೋದರೆ ನಮ್ಮ ಭಾಗದ ಹಳ್ಳಿಗೆ ಮಾರಾಟದ ಕಾಗದ ಬರುತ್ತಲೇ ಇತ್ತು. ಹಳ್ಳಿಯಿಂದ ಹೊರಡುತ್ತಿದ್ದದ್ದು ಅಪರೂಪ. ನಾವು ತಲೆಮಾರುಗಟ್ಟಲೆ ವಿಳಾಸ ಮಾತ್ರ ಆಗಿದ್ದೆವು, ಸಹಿ ಆಗಿರಲಿಲ್ಲ. ಚಿಗವ್ವನಿಗೆ ಕರಪತ್ರದ ಭಾಷೆ ಬಿಟ್ಟು ಬೇರೆ ಗೊತ್ತಿಲ್ಲದ್ದಕ್ಕೆ ಆಕೆಯನ್ನು ಬೈದು ಫಲವಿಲ್ಲ.

*

ಕನ್ನಡದಲ್ಲಿ ಮಾರಾಟಕ್ಕೆ ಮಾನ ತಂದವರು ಪುಸ್ತಕದವರು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ಇಬ್ಬರು.

ಒಬ್ಬರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942. ಹಾವೇರಿ ತಾಲ್ಲೂಕಿನ ಗಳಗನಾಥ ಅವರ ಊರು. ಶಾಲಾ ಮಾಸ್ತರಿಕೆ ಬಿಟ್ಟು ಬರವಣಿಗೆಗೆ ಇಳಿದವರು, ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಬೆಳೆಸಿದವರು. ಕನ್ನಡ ಕಾದಂಬರಿ ಓದುವವರೇ ಇಲ್ಲದ ಕಾಲ. ಅವರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಈ ಮಾತನ್ನು ಎಲ್ಲರೂ ಅವರ ಬಡತನದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಮಾತ್ರ ಕಾಣುವುದಿಲ್ಲ. ಗಂಟು ಹೊತ್ತು ಬಾಗಿಲಿಗೆ ಹೋದವನಿಗೆ ಓದುವವರ ಮುಖ ಕಾಣುತ್ತದೆ. ಯಾವ ಮಾತಿಗೆ ಕಣ್ಣು ಅರಳಿತು, ಯಾವ ಮಾತಿಗೆ ಆಕಳಿಕೆ ಬಂತು ಅಂತ ಗೊತ್ತಾಗುತ್ತದೆ. ಮೇಜಿಗೆ ಕೂತು ಕಾಗದ ಬರೆಯುವವನಿಗೆ ಆ ಮುಖ ಎಲ್ಲಿ ಸಿಗಬೇಕು?

ಇನ್ನೊಬ್ಬರು ಜಿ.ಬಿ. ಜೋಶಿ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅವರ ಪದ್ಧತಿ ವಿ.ಪಿ.ಪಿ.ಗೆ ಉಲ್ಟಾ. ಓದುಗರು ಚಂದಾ ಮೊದಲೇ ಕಟ್ಟಬೇಕು, ಪುಸ್ತಕ ಆಮೇಲೆ ಅಚ್ಚಾಗಿ ಮನೆಗೆ ಬರುತ್ತದೆ. ಅಂದರೆ ಇನ್ನೂ ಹುಟ್ಟದ ಪುಸ್ತಕವನ್ನು ಮಾರಬೇಕು. ಇದು ಬರೀ ಚೆಂದದ ಮಾತಿಗೆ ಆಗುವ ಕೆಲಸವಲ್ಲ. ಹಿಂದಿನ ವರ್ಷದ ಪುಸ್ತಕ ಹೇಳಿದಂತೆ ಬಂದಿತ್ತಾ, ಅಷ್ಟೇ ಲೆಕ್ಕ. ಬೇಂದ್ರೆ, ಶ್ರೀರಂಗರಿಂದ ಗಿರೀಶ ಕಾರ್ನಾಡರವರೆಗೆ ಆ ಅಟ್ಟದ ಮೇಲಿನ ಕೋಣೆಯಿಂದ ಪುಸ್ತಕ ಹೊರಟವು. ಗ್ರಂಥಮಾಲೆ ಇವತ್ತಿಗೂ ಇದೆ.

ಆದರೆ ಇವರಿಬ್ಬರೂ ಬರೆಯಲು ಬಲ್ಲವರು. ಬರೆದು ಗೊತ್ತಿಲ್ಲದವರ ಕೈಗೆ ಪೆನ್ನು ಕೊಟ್ಟ ಕಥೆ ಕರಾವಳಿಯದು. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಶುರುವಾಯಿತು. ಶ್ರೀಪಡ್ರೆ ಮತ್ತು ಗೆಳೆಯರು. ಕೃಷಿಯ ಬಗ್ಗೆ ಕೃಷಿಕರೇ ಬರೆಯಬೇಕು ಅನ್ನುವುದು ಅವರ ಹಟ. ‘ಕೃಷಿಕರ ಕೈಗೆ ಲೇಖನಿ’ ಅಂತ ಶಿಬಿರಗಳನ್ನೇ ನಡೆಸಿದರು. ನಾವು ಗ್ರಾಮೀಣ ಪತ್ರಿಕೋದ್ಯಮ ಓದುವಾಗ ತರಗತಿಯಲ್ಲಿ ಕಲಿತದ್ದಕ್ಕಿಂತ ಅಲ್ಲಿನ ಒಂದು ಹಳೇ ಸಂಚಿಕೆಯಿಂದ ಕಲಿತದ್ದು ಜಾಸ್ತಿ (ನಮ್ಮ ಮಾಸ್ತರು ಇದನ್ನು ಓದದಿದ್ದರೆ ಒಳ್ಳೆಯದು).

2021ರಲ್ಲಿ ಅದೇ ಬಳಗ ಬಾಳೆಕಾಯಿ ಹುಡಿಯ ಪ್ರಚಾರಕ್ಕೆ ಇಳಿಯಿತು. ಬಾಳೆಕಾಯಿಗೆ ಬೆಲೆ ಬಿದ್ದಾಗ ಒಣಗಿಸಿ ಹಿಟ್ಟು ಮಾಡಿ ಅಂತ. ಬಾ-ಕಾ-ಹು ಸೇರಿಸಿ ‘ಬಾಕಾಹು’ ಅಂತ ಹೆಸರಿಟ್ಟರು. ದೊಡ್ಡ ಜಾಹೀರಾತು ಇಲ್ಲ. ಗೃಹಿಣಿಯರು ತಾವು ಮಾಡಿದ್ದನ್ನು, ಕೆಟ್ಟದ್ದನ್ನು, ಮತ್ತೆ ಸರಿಮಾಡಿಕೊಂಡದ್ದನ್ನು ಮೊಬೈಲಿನಲ್ಲಿ ಬರೆದು ಫೋಟೋ ಸಮೇತ ಹಂಚಿದರು. ಓದಿದವರು ಮಾಡಿದರು. ಮಸ್ಕಿ ಬಂಡೆಯ ಧಾಟಿ ನೆನಪಾಗುತ್ತದೆ: ನಾನು ಹೀಗೆ ಇದ್ದೆ, ಹೀಗೆ ಮಾಡಿದೆ, ಹೀಗಾಯಿತು, ನಿಮಗೂ ಆಗುತ್ತದೆ.

ಅದಕ್ಕೂ ಮೊದಲು 2020ರ ಲಾಕ್‌ಡೌನಿನಲ್ಲಿ ಹಿರಿಯೂರು ತಾಲ್ಲೂಕಿನ ಒಬ್ಬ ರೈತ ಮಹಿಳೆ ಈರುಳ್ಳಿ ರಾಶಿಯ ಮುಂದೆ ನಿಂತು ಮೊಬೈಲಿಗೆ ಮಾತಾಡಿದ್ದು ನಿಮಗೆ ನೆನಪಿರಬಹುದು. ಮುಖ್ಯಮಂತ್ರಿಯೇ ಫೋನು ಮಾಡಿದರು. ಆಕೆ ವಿಶೇಷಣ ಹಾಕಿರಲಿಲ್ಲ. ಹಾಕಿದ ಖರ್ಚು, ಬಂದ ಬೆಲೆ, ಎದುರಿಗೆ ಬಿದ್ದ ರಾಶಿ ಇಷ್ಟನ್ನೇ ಹೇಳಿದ್ದು.

ಇನ್ನೊಂದು ಸಣ್ಣ ಸಂಗತಿ, ನಮಗೆ ಹತ್ತಿರದ್ದು ಅಂತ ಹೇಳುತ್ತೇನೆ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದಾಗ ಅವರಿಗೆ ಬಂದ ಮೊದಲ ಆರ್ಡರು ಬೆಂಗಳೂರಿನದ್ದಲ್ಲ, ಮಹಬೂಬನಗರದ್ದು. ಆಗ ಅದು ನಮ್ಮ ರಾಯಚೂರಿನ ನೆರೆಯ ಜಿಲ್ಲೆಯಾಗಿತ್ತು. ಒಂದು ಪುಸ್ತಕ ಅಷ್ಟೇ. ಆದರೂ ಕಂಪ್ಯೂಟರಿನಲ್ಲಿ ಮೊದಲೇ ದುಡ್ಡು ಕಟ್ಟಲು ಜನ ಹಿಂಜರಿದರು. 2010ರಲ್ಲಿ ಮಾಲು ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿ ತಂದರು. ಹೊಸ ಶೋಧ ಅಂತ ಪೇಪರಿನವರು ಬರೆದರು. 1877ರ ವಿ.ಪಿ.ಪಿ. ಪ್ಯಾಂಟು ಹಾಕಿಕೊಂಡು ಬಂದಿತ್ತು.

*

ಇಷ್ಟೆಲ್ಲ ಓದಿಕೊಂಡು ನಾನು ಮತ್ತೆ ಗೂಗಲ್‌ಗೆ ಹೋದೆ. ಚಿಗವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಶೋಕನ ಕಥೆ ಹೇಳಿದೆ. ಕೇಳಿ, “ಅವಂಗೇನು, ರಾಜ. ಬಂಡಿಮ್ಯಾಲ ಬರಿಸಿದ. ನನಗ ರೇಟು ಹೆಂಗ ಹಾಕಬೇಕು ಅದನ್ನ ಹೇಳು” ಅಂದಳು.

ಬರೆಯುವುದು ಬೇಡ, ನಾನು ಕೇಳಿದ್ದಕ್ಕೆ ಉತ್ತರ ಕೊಡು ಸಾಕು ಅಂದೆ. ಫೋನಿನಲ್ಲಿ ರೆಕಾರ್ಡು ಹಚ್ಚಿಟ್ಟೆ. ಈ ರೊಟ್ಟಿ ಯಾರು ತಿಂತಾರ? ಅವರು ಈಗ ಏನು ತಿನ್ನಾಕತ್ತಾರ? ಎಷ್ಟು ದಿನ ಇರ್ತದ? ಯಾವಾಗ ಕೆಡ್ತದ? ದಾರಿಯೊಳಗ ಮುರಿದ್ರ ಯಾರ ಮೈಮ್ಯಾಲ?

ಕೊನೆಯ ಪ್ರಶ್ನೆಗೆ ಆಕೆ ಕೈ ನಿಲ್ಲಿಸಿದಳು. “ಮುರದ್ರ ನಂದ ಅಲ್ಲೇನು? ಅವ್ರು ರೊಕ್ಕ ಕೊಟ್ಟಿರ್ತಾರ.”

“ಅದನ್ನ ಬರೀಬೇಕು.”

“ಬರದ್ರ ಎಲ್ಲಾರೂ ಮುರದಾವ ಅಂತಾರ.”

ಇದರ ಮೇಲೆ ಐದು ಮಂದಿ ಹೆಣ್ಣುಮಕ್ಕಳೂ ಸಂಜೆವರೆಗೆ ಜಗಳಾಡಿದರು. ಒಬ್ಬಾಕೆ ಬರೆಯುವುದೇ ಬೇಡ ಅಂದಳು. ಇನ್ನೊಬ್ಬಾಕೆ, ಬೀಜದವ್ರು ಈ ಮಾತು ಬರದಿದ್ರ ನಮ್ಮ ಹತ್ತಿಗೆ ರೊಕ್ಕ ಬರ್ತಿತ್ತು ಅಂದಳು. ಅಲ್ಲಿಗೆ ಜಗಳ ಮುಗಿಯಿತು. ಮಳೆಗಾಲದ ಮಾತನ್ನು ಬರೆಯುವ ಬಗ್ಗೆ ಚಿಗವ್ವನೇ ಹಟ ಹಿಡಿದಳು. ‘ನಂಬರ್ ಒನ್’ ತೆಗೆಯಲು ಮಾತ್ರ ಆಕೆಗೆ ಬಹಳ ಬೇಜಾರಾಯಿತು. ಫೋನಿನಲ್ಲಿ ಆಕೆ ಹೇಳಿದ್ದನ್ನೇ ಹಾಳೆಗೆ ಇಳಿಸಿದೆವು. ಇದು ಆ ಕಾಗದ:

“ನಮಸ್ಕಾರ. ಎಲ್ಲಾರೂ ಆರಾಮ ಅದೀರಿ ಅಂದ್ಕೊಂಡೀವಿ. ನಾವು ದೇವದುರ್ಗ ತಾಲ್ಲೂಕು ಗೂಗಲ್ ಊರಿನ ಐದು ಮಂದಿ ಹೆಣ್ಮಕ್ಕಳು. ಊರಿಂದ ಬರಾಕಿ ನಿಮ್ಮ ಅವ್ವ ಬುತ್ತಿ ಕಟ್ಟಿ ಕೊಡ್ತಿದ್ದ ಖಡಕ್ ರೊಟ್ಟಿ ನಾವು ಮಾಡ್ತೀವಿ. ಜೋಳ ನಮ್ಮ ಹೊಲದ್ದು, ಕಟ್ಟಿಗಿ ಒಲಿ ಮ್ಯಾಲ ಕೈಲೆ ಬಡಿದಿದ್ದು. ಒಂದೊಂದು ದಪ್ಪ ಇರ್ತಾವ, ಒಂದೊಂದು ತೆಳ್ಳಗ, ಮಷಿನ್ ಇಲ್ಲ. ಡಬ್ಬಿಯೊಳಗ ಗಾಳಿ ಆಡದಂಗ ಇಟ್ರ ಒಂದು ತಿಂಗಳು ಇರ್ತಾವ. ಮಳೆಗಾಲದಾಗ ಎಂಟು ದಿನಕ್ಕ ಮೆತ್ತಗಾಗ್ತಾವ, ಹಂಚ ಮ್ಯಾಲ ಒಂದೀಟು ಬಿಸಿ ಮಾಡ್ಕೋರಿ. ಶೇಂಗಾ ಹಿಂಡಿ ಹದಿನೈದು ದಿನದಾಗ ತಿಂದ್ರ ಚಲೋ, ಆಮ್ಯಾಲ ಕಮಟು ಹಿಡಿತದ. ಹತ್ತು ರೊಟ್ಟಿಗೆ 80 ರೂಪಾಯಿ, ಕಳಿಸೋ ಖರ್ಚು ಬ್ಯಾರೆ. ಮದಲ ಸಲ ಬೇಕಾದ್ರ ರೊಟ್ಟಿ ಮುಟ್ಟಿದ ಮ್ಯಾಲ ರೊಕ್ಕ ಹಾಕ್ರಿ. ಮುರದಿದ್ರ ಫೋಟೋ ಕಳಿಸ್ರಿ, ಎಷ್ಟು ಮುರದಾವ ಅಷ್ಟು ಮತ್ತ ಕಳಿಸ್ತೀವಿ.”

ಇದನ್ನು ಗಟ್ಟಿಯಾಗಿ ಓದಿ ತೋರಿಸಿದಾಗ ಒಲೆ ಮುಂದಿದ್ದ ಮುದುಕಿಯೊಬ್ಬಳು “ಯಾರ ಬರದಾರ? ಚಂದ ಮಾತಾಡ್ತಾರ” ಅಂದಳು. ಆಕೆಗೆ ಓದಲು ಬರುವುದಿಲ್ಲ. ಕೆಳಗೆ ಎಫ್‌ಎಸ್‌ಎಸ್‌ಎಐ ನೋಂದಣಿ ನಂಬರು ಹಾಕಬೇಕಿತ್ತು. ಮನೆಯಲ್ಲಿ ಮಾಡಿ ಮಾರುವ ತಿನಿಸಿಗೂ ಅದು ಬೇಕು. ಅದಕ್ಕೆ ದೇವದುರ್ಗಕ್ಕೆ ಎರಡು ಸಲ ಓಡಾಡಿದ್ದು ಬೇರೆ ಕಥೆ.

ನಲವತ್ತು ಮಂದಿಗೆ ಕಳಿಸಿದೆವು, ಎಲ್ಲರೂ ಯಾರೋ ಒಬ್ಬರ ಗುರುತಿನವರು. ಒಂಬತ್ತು ಮಂದಿ ಕೇಳಿದರು. ಏಳು ಮಂದಿ ರೊಟ್ಟಿ ಮುಟ್ಟುವ ಮೊದಲೇ ದುಡ್ಡು ಹಾಕಿದರು, ಅದಕ್ಕೆ ಚಿಗವ್ವ ಎರಡು ದಿನ ಆಶ್ಚರ್ಯಪಟ್ಟಳು. ಎರಡು ಪಾರ್ಸೆಲಿನಲ್ಲಿ ರೊಟ್ಟಿ ಮುರಿದಿದ್ದವು. ಬೆಂಗಳೂರಿನ ಒಬ್ಬ ಫೋಟೋ ಕಳಿಸಿ, ‘ಹದಿಮೂರು ಮುರಿದಿವೆ, ಆದರೆ ಮತ್ತೆ ಕಳಿಸಬೇಡಿ, ಮುರಿದವನ್ನೇ ಮೊಸರಿಗೆ ಹಾಕಿ ತಿಂದೆವು’ ಎಂದು ಬರೆದ. ಚಿಗವ್ವ ಫೋಟೋ ದೊಡ್ಡದು ಮಾಡಿ ತಾನೇ ಎಣಿಸಿದಳು. ಹದಿನಾಲ್ಕು ಇದ್ದವು. ಮರುದಿನ ಹದಿನಾಲ್ಕು ರೊಟ್ಟಿ ಕಟ್ಟಿ, ಈ ಸಲ ಗಂಟಿನ ಸುತ್ತ ಜೋಳದ ರವದಿ ಒತ್ತಿ, ಬಸ್ಸಿಗೆ ಹಾಕಿದಳು.